ಲತೀಫನ ಎಡಗಾಲು

ಬೀವಿಗೆ ಮಂಡಿನೋವು ಬಾರದಿದ್ದರೆ ಆ ಕಾಲೇಜಿನ ಕಡೆ ಅವಳು ಮುಖ ಹಾಕುವ ಸಂದರ್ಭವೇ ಇರಲಿಲ್ಲ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ಖಾಸಗಿ ವೈದ್ಯಕೀಯ ಕಾಲೇಜು ಅದು. ಕಲಿಯುವ ಮಕ್ಕಳು ಹೆಚ್ಚು, ರೋಗಿಗಳು ಕಡಿಮೆ. ಹಾಗಾಗಿ ಅಲ್ಲಿನ ಆಸ್ಪತ್ರೆಯಲ್ಲಿ ಮಂಡಿಗೆ ಶಾಖ ಕೊಡಲು, ವ್ಯಾಯಾಮ ಮಾಡಿಸಲು ಯಾರನ್ನೂ ಹೆಚ್ಚು ಕಾಯಿಸುತ್ತಿರಲಿಲ್ಲ. ವಾರಕ್ಕೊಮ್ಮೆ ಸೊಸೆ ಅಫೀಫಾ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದಳು.

ಆ ಶನಿವಾರ ಕಾಲೇಜಿನ ಮುಂದೆ ಬ್ಯಾನರ್ ಕಟ್ಟಿದ್ದರು. ಮನುಷ್ಯ ಶರೀರದ ಮ್ಯೂಸಿಯಂ ಎಲ್ಲರಿಗೂ ತೆರೆದಿದೆ ಎಂದು ಗಡಿನಾಡಿನ ರೂಢಿಯಂತೆ ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿತ್ತು. ಶಾಲೆಯ ಮಕ್ಕಳು ಗಲಾಟೆ ಮಾಡುತ್ತ ಒಳಗೆ ಹೋಗುತ್ತಿದ್ದರು.

"ಮಾಮಿ, ಸ್ವಲ್ಪ ನೋಡಿ ಬರುವನಾ? ಬಸ್ಸಿಗೆ ಇನ್ನೂ ಹೊತ್ತುಂಟು," ಎಂದಳು ಅಫೀಫಾ.

"ಸತ್ತವರ ಎಲುಬು ನೋಡಿ ನಮಗೆ ಎಂತ ಆಗ್ಲಿಕ್ಕುಂಟು?" ಎಂದರೂ, ಹೊರಗಿನ ಬಿಸಿಲಿನಲ್ಲಿ ನಿಲ್ಲಲಾರದೆ ಬೀವಿಯೂ ಸೊಸೆಯ ಹಿಂದೆ ಹೋದಳು.

ಉದ್ದನೆಯ ಹಾಲ್. ಮೂಗಿಗೆ ಖಾರ ಹತ್ತಿಸುವ ಔಷಧದ ವಾಸನೆ. ಎರಡೂ ಬದಿಯಲ್ಲಿ ಸಾಲಾಗಿ ಇಟ್ಟ ಗಾಜಿನ ಭರಣಿಗಳ ಕಡೆ ತಿರುಗಿಯೂ ನೋಡದೆ ಬೀವಿ ನೆಲ ನೋಡುತ್ತ ನಡೆದಳು. ಕೊನೆಯಲ್ಲಿ ಒಂದು ಗಾಜಿನ ಕಪಾಟು ಇತ್ತು. ಅದರೊಳಗೆ ಆಳೆತ್ತರದ ಅಸ್ಥಿಪಂಜರ, ನೆತ್ತಿಗೆ ಹಾಕಿದ ಕೊಕ್ಕೆಯಿಂದ ತೂಗುತ್ತಿತ್ತು. ಬಿಳಿ ಕೋಟು ಹಾಕಿದ ಹುಡುಗಿಯೊಬ್ಬಳು ಕೋಲು ಹಿಡಿದು ಮಕ್ಕಳಿಗೆ ಹೇಳುತ್ತಿದ್ದಳು.

"ನಮ್ಮ ಮ್ಯೂಸಿಯಂನಲ್ಲಿ ಇದು ಸ್ಪೆಷಲ್. ಎಡಗಾಲಿನ ತೊಡೆಯ ಎಲುಬು ನೋಡಿ. ಹಿಂದೆ ಯಾವಾಗಲೋ ಮುರಿದದ್ದು. ಸ್ಟೀಲಿನ ಪ್ಲೇಟು ಇಟ್ಟು ಸ್ಕ್ರೂ ಹಾಕಿದ್ದಾರೆ. ಮುರಿದ ಜಾಗದಲ್ಲಿ ಎಲುಬು ದಪ್ಪ ಬೆಳೆದು ಕೂಡಿಕೊಂಡದ್ದು ಕಾಣ್ತದಲ್ಲ?"

ಬೀವಿ ತಲೆ ಎತ್ತಿದಳು. ಪ್ಲೇಟು ಕಾಣಿಸಿತು. ಎಲ್ಲಕ್ಕಿಂತ ಮೇಲಿನ ಸ್ಕ್ರೂ ನೆಟ್ಟಗೆ ಕೂತಿರಲಿಲ್ಲ. ಅದರ ತಲೆ ಒಂದು ಕಡೆಗೆ ವಾಲಿ ಪ್ಲೇಟಿನಿಂದ ಎದ್ದು ನಿಂತಿತ್ತು. ಕೂಡಿದ ಕಡೆ ಎಲುಬು ಹೊರಕ್ಕೆ ತುಸು ಬಾಗಿತ್ತು. ಅಡುಗೆಮನೆಯ ಚಮಚದ ಬಾಗು ಗುರುತಾಗುವ ಹಾಗೆ ಆ ಬಾಗು ಅವಳಿಗೆ ಗುರುತಾಯಿತು.

"ಇದು ಯಾರ ಕಾಲು ಮಗಾ?"

"ಹೆಸರೆಲ್ಲ ಇರುವುದಿಲ್ಲ ಅಜ್ಜಿ. ಅನಾಥ ಶವ. ಯಾರೂ ಕೇಳ್ಲಿಕ್ಕೆ ಬಾರದಿದ್ರೆ ಕಾಲೇಜಿಗೆ ಕೊಡ್ತಾರೆ," ಎಂದಳು ಹುಡುಗಿ, ಮರ್ಯಾದೆಯಿಂದಲೇ.

ಬೀವಿ ಧೈರ್ಯ ಮಾಡಿ ತಲೆಬುರುಡೆಯ ಕಡೆ ನೋಡಿದಳು. ಹಲ್ಲಿನ ಸಾಲು ಪೂರ್ತಿ ಇತ್ತು, ಒಂದೂ ಮುರಿದಿರಲಿಲ್ಲ. ಅವಳ ತಮ್ಮ ಅಬ್ದುಲ್ ಲತೀಫನ ಮುಂದಿನ ಹಲ್ಲು ಅರ್ಧ ಮುರಿದದ್ದು. ನಕ್ಕಾಗ ಮೊದಲು ಕಾಣುತ್ತಿದ್ದದ್ದೇ ಅದು. ಅವಳು ಸೊಸೆಯ ತೋಳು ಹಿಡಿದುಕೊಂಡಳು.

"ಕಾಲು ಲತೀಫನದ್ದು ಅಫೀ. ಮುಖ ಅವನದ್ದಲ್ಲ."

ಅತ್ತೆಗೆ ಬಿಸಿಲು ತಲೆಗೇರಿತೆಂದು ಅಫೀಫಾ ತಿಳಿದಳು. ನೀರು ಕುಡಿಸಿ ಬೆಂಚಿನಲ್ಲಿ ಕೂರಿಸಿದಳು. ಆದರೆ ಹೊರಡುವ ಮೊದಲು, ಬೀವಿ ಬಿಡದೆ ಒತ್ತಾಯಿಸಿದ್ದರಿಂದ, ಹಿಂದೆ ಹೋಗಿ ಆ ಕಾಲಿನ ಫೋಟೋ ಒಂದನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬಂದಳು.

ಲತೀಫನನ್ನು ಸಾಕಿದ್ದು ಬೀವಿಯೇ. ಅವನು ನಡೆಯಲು ಕಲಿಯುವ ಮೊದಲೇ ತಾಯಿ ತೀರಿಹೋಗಿದ್ದಳು. ಆಗಷ್ಟೇ ಮದುವೆಯಾಗಿದ್ದ ಬೀವಿ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡೇ ಗಂಡನ ಜೊತೆ ಸಂಸಾರ ಹೂಡಿದಳು. ಅಕ್ಕನನ್ನು ಅವನು ಉಮ್ಮ ಎಂದೇ ಕರೆದ. ಬೀವಿಗೆ ಸಿದ್ದೀಕ್ ಹುಟ್ಟಿದ ಮೇಲೂ ಆ ಕರೆ ಬದಲಾಗಲಿಲ್ಲ. ಮಾಮ, ಅಳಿಯ ಇಬ್ಬರೂ ಒಂದೇ ಚಾಪೆಯಲ್ಲಿ ಬೆಳೆದರು.

ಲತೀಫನಿಗೆ ಫುಟ್‌ಬಾಲಿನ ಹುಚ್ಚು. ಕೊಯ್ಲು ಮುಗಿದ ಗದ್ದೆಯಲ್ಲಿ ತಂಡಕ್ಕೆ ಏಳು ಜನರಂತೆ ಆಡುವ ಸೆವೆನ್ಸ್ ಪಂದ್ಯಗಳಿಗೆ ಊರೂರು ತಿರುಗುತ್ತಿದ್ದ. ಹಲ್ಲು ಮುರಿದದ್ದು ಹಾಗೆ. ಮೀಸೆ ಚಿಗುರುವ ವಯಸ್ಸಿನಲ್ಲಿ ತೊಡೆಯ ಎಲುಬು ಮುರಿದದ್ದೂ ಹಾಗೆಯೇ. ಮಂಗಳೂರಿನಲ್ಲಿ ಆಪರೇಷನ್ ಆಯಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮೇಲಿನ ಸ್ಕ್ರೂ ಸ್ವಲ್ಪ ಓರೆಯಾಗಿದೆ, ತೊಂದರೆ ಏನಿಲ್ಲ," ಎಂದಿದ್ದರು. ತಿಂಗಳುಗಟ್ಟಲೆ ಅವನನ್ನು ಮಲಗಿಸಿ, ಒರೆಸಿ, ತಿರುಗಿಸಿ, ಎಬ್ಬಿಸಿ ನಡೆಸಿದ್ದು ಬೀವಿ. ಗುಣವಾದ ಮೇಲೂ ಆ ಕಾಲನ್ನು ಅವನು ಸ್ವಲ್ಪ ಬೀಸಿ ಹಾಕುತ್ತಿದ್ದ.

ಶಾರ್ಜಾದಲ್ಲಿ ಕೆಫೆಟೇರಿಯಾದ ಕೆಲಸಕ್ಕೆ ಹೋದವನು ಕೆಲವು ವರ್ಷಗಳ ನಂತರ ಬೇರೆಯೇ ಮನುಷ್ಯನಾಗಿ ಮರಳಿದ. ಯಾರೋ ಕರೆಯುತ್ತಾರೆ ಎನ್ನುತ್ತಿದ್ದ. ಹಾಕಿದ ಬಟ್ಟೆಯಲ್ಲೇ ಎದ್ದು ಹೋಗಿ ದರ್ಗಾಗಳಲ್ಲಿ ಅಲೆಯುತ್ತಿದ್ದ. ಹತ್ತು ಹದಿನೈದು ದಿನ ಕಳೆದು ಧೂಳು ಹೊತ್ತು ಬರುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ. ಮದ್ದು ಕೊಡಿಸಿದರು. ಮದ್ದು ಇದ್ದಷ್ಟು ದಿನ ಸರಿ ಇರುತ್ತಿದ್ದ.

ಸುಮಾರು ಹನ್ನೆರಡು ವರ್ಷದ ಹಿಂದೆ ಒಂದು ಶುಕ್ರವಾರ ಜುಮಾ ನಮಾಝಿಗೆಂದು ಹೋದವನು ಹಿಂದೆ ಬರಲಿಲ್ಲ. ಯಾವಾಗಲೂ ಬರುವವನಲ್ಲವೇ ಎಂದು ಮನೆಯವರು ಕಾದರು. ಒಂದು ತಿಂಗಳು ಕಳೆದ ಮೇಲೆ ಪೊಲೀಸರ ಬಳಿ ಹೋದರು. ಆಮೇಲೆ ಸಿದ್ದೀಕ್ ಹುಡುಕದ ಜಾಗವಿಲ್ಲ. ದರ್ಗಾಗಳು, ರೈಲ್ವೆ ಸ್ಟೇಷನ್‌ಗಳು, ಆಸ್ಪತ್ರೆಗಳು, ಮುಂಬೈಯ ಹಾದಿಬದಿಗಳು. ಎಲ್ಲಿಯೂ ಸುಳಿವು ಸಿಗಲಿಲ್ಲ.

ಸಿದ್ದೀಕನಿಗೆ ಈಗ ಹೊಸಂಗಡಿಯಲ್ಲಿ ಚಪ್ಪಲಿ ಅಂಗಡಿ. ಸಂಜೆ ಮನೆಗೆ ಬಂದವನಿಗೆ ತಾಯಿ ವಿಷಯ ಹೇಳಿದಾಗ ಅವನು ಸಿಟ್ಟು ಮಾಡಿದ.

"ಉಮ್ಮಾ, ಓರೆ ಸ್ಕ್ರೂ ಇರುವುದು ಲೋಕದಲ್ಲಿ ಒಬ್ಬನಿಗೇನಾ? ಮುಖ ಅವನದ್ದಲ್ಲ ಅಂತ ನೀವೇ ಹೇಳ್ತೀರಿ. ಮತ್ತೆ ಕಾಲು ಮಾತ್ರ ಹೇಗೆ ಅವನದ್ದಾಗ್ತದೆ?"

"ನನಗೆ ಗೊತ್ತಿಲ್ಲ ಮೋನೆ. ನೀನು ನೋಡು."

ಬೀವಿ ಕಪಾಟಿನಿಂದ ಹಳೆಯ ಎಕ್ಸ್‌ರೇಯನ್ನು ತೆಗೆದುಕೊಟ್ಟಳು. ಆಸ್ಪತ್ರೆಯ ಕಾಗದಗಳನ್ನು ಯಾವ ಮನೆಯವರೂ ಎಸೆಯುವುದಿಲ್ಲವಲ್ಲ, ಹಾಗೆ ಉಳಿದದ್ದು. ಸಿದ್ದೀಕ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಇನ್ನೊಂದು ಕೈಯಲ್ಲಿ ಹೆಂಡತಿಯ ಮೊಬೈಲು. ಅದನ್ನೊಮ್ಮೆ, ಇದನ್ನೊಮ್ಮೆ ನೋಡಿದ. ಸ್ವಲ್ಪ ಹೊತ್ತಿನ ಮೇಲೆ ಎರಡನ್ನೂ ಮೇಜಿನ ಮೇಲಿಟ್ಟು ಅಂಗಳಕ್ಕೆ ಹೋಗಿ ನಿಂತ.

ಸೋಮವಾರ ತಾಯಿ ಮಗ ಇಬ್ಬರೂ ಕಾಲೇಜಿಗೆ ಹೋದರು. ಶರೀರ ರಚನೆಯ ವಿಭಾಗಕ್ಕೆ ಸೌದಾಮಿನಿ ಎಂಬುವಳು ಮುಖ್ಯಸ್ಥೆ. ಪುತ್ತಿಗೆಯ ಕಡೆಯವಳು, ಐವತ್ತು ದಾಟಿದ ಪ್ರೊಫೆಸರ್. ಮ್ಯೂಸಿಯಂ ಅವಳ ಜವಾಬ್ದಾರಿ. ಅವಳು ಇವರ ಮಾತನ್ನು ಪೂರ್ತಿ ಕೇಳಿದಳು. ಮುಖ ಬೇರೆ, ಕಾಲು ಬೇರೆ ಎಂದು ಬೀವಿ ಹೇಳಿದಾಗ ಸಿದ್ದೀಕನಿಗೆ ನಾಚಿಕೆಯಾಯಿತು. ಆದರೆ ಡಾಕ್ಟರಿಣಿ ನಗಲಿಲ್ಲ. ಬದಲಿಗೆ ಮೇಜಿನಿಂದ ಬೀಗದಕೈ ತೆಗೆದುಕೊಂಡಳು.

ಅವಳು ತಾನೇ ಹೋಗಿ ಕಪಾಟಿನ ಬೀಗ ತೆಗೆದು, ತಂತಿ ಬಿಚ್ಚಿ, ಆ ಎಲುಬನ್ನು ತಂದಳು. ಎಕ್ಸ್‌ರೇ ನೋಡುವ ದೀಪದ ಹಲಗೆಗೆ ಫಿಲ್ಮು ಸಿಕ್ಕಿಸಿ, ಪಕ್ಕದಲ್ಲಿ ಎಲುಬು ಹಿಡಿದು ನಿಂತಳು. ತಿರುಗಿಸಿ ನೋಡಿದಳು. ಮತ್ತೊಮ್ಮೆ ತಿರುಗಿಸಿದಳು.

"ಇದೇ," ಎಂದಳು ಕೊನೆಗೆ. "ಸಂಶಯ ಇಲ್ಲ."

ಬೀವಿ ಅಳಲಿಲ್ಲ. ಕುರ್ಚಿಯ ಕೈಯನ್ನು ಹಿಡಿದುಕೊಂಡಳು. ಕೇಳಿದ್ದು ಸಿದ್ದೀಕ್.

"ಹಾಗಾದ್ರೆ ಮುಖ?"

"ಕೂತ್ಕೊಳ್ಳಿ," ಎಂದಳು ಸೌದಾಮಿನಿ. ಹೇಗೆ ಹೇಳುವುದೆಂದು ಹುಡುಕಿದಳು, ಆಮೇಲೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದಳು. "ಆ ಅಸ್ಥಿಪಂಜರ ಒಬ್ಬ ಮನುಷ್ಯನದ್ದಲ್ಲ. ಒಂದು ದೇಹದ ಎಲುಬು ಎಲ್ಲ ಚೆನ್ನಾಗಿ ಉಳಿಯುವುದಿಲ್ಲ. ಕೆಲವು ಸವೀತವೆ, ಕೆಲವು ಒಡೀತವೆ. ಹಾಗಾಗಿ ಒಳ್ಳೆಯದನ್ನು ಆರಿಸಿ, ಅಳತೆ ಹೊಂದಿಸಿ ಜೋಡಿಸುವುದು. ಇದರಲ್ಲಿ ನಾಲ್ಕೈದು ಜನರ ಎಲುಬು ಉಂಟು. ತಲೆ ಯಾರದ್ದು ಅಂತ ನನಗೆ ಗೊತ್ತಿಲ್ಲ."

"ಮಾಮನ ತಲೆ ಎಲ್ಲುಂಟು?"

"ಜೋಡಿಸಿ ಉಳಿದ ಎಲುಬುಗಳನ್ನು ಕಲಿಯುವ ಮಕ್ಕಳಿಗೆ ಕೊಡ್ತೇವೆ. ಹಾಸ್ಟೆಲಿಗೆ ಕೊಂಡೋಗ್ತಾರೆ. ಪಾಸಾದ ಮೇಲೆ ಕೆಲವರು ಕಿರಿಯರಿಗೆ ಕೊಟ್ಟು ಹೋಗ್ತಾರೆ, ಕೆಲವರು ಮನೆಗೆ ಕೊಂಡೋಗ್ತಾರೆ. ಯಾವುದು ಯಾರದ್ದು ಅಂತ ಈಗ ಹೇಳ್ಲಿಕ್ಕೆ ಸಾಧ್ಯ ಇಲ್ಲ."

ಬೀವಿ ಕೇಳಿದಳು, "ಅವನ ಕೈ ಯಾರ ಹತ್ರ ಉಂಟು ಡಾಕ್ಟ್ರೇ?"

ಸೌದಾಮಿನಿ ಕೈಯಲ್ಲಿದ್ದ ಎಲುಬನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ದೇಹ ಹೇಗೆ ಬಂತೆಂದು ಸಿದ್ದೀಕ್ ಕೇಳಿದ. ಪ್ಲೇಟಿನ ಕಾಲಿನಿಂದಾಗಿ ಆ ದೇಹ ಅವಳಿಗೆ ನೆನಪಿತ್ತು: ರೈಲ್ವೆ ಸ್ಟೇಷನ್ನಿನಲ್ಲಿ ಬಿದ್ದಿದ್ದ ಮನುಷ್ಯ, ಆಸ್ಪತ್ರೆಯಲ್ಲಿ ತೀರಿಕೊಂಡ, ಶವಾಗಾರದಲ್ಲಿ ಇಡಬೇಕಾದಷ್ಟು ದಿನ ಇಟ್ಟು, ಯಾರೂ ಬಾರದ್ದರಿಂದ ಕಾಲೇಜಿಗೆ ಕಳಿಸಿದರು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

"ಮುಸ್ಲಿಂ ಅಂತ ನೋಡಿದ್ರೆ ಗೊತ್ತಾಗ್ತಿರ್ಲಿಲ್ವಾ ಮೇಡಂ? ಯಾವ ಮಸೀದಿಗೆ ಹೇಳಿದ್ರೂ ದಫನ್ ಮಾಡ್ತಿದ್ರು. ಯಾರ ಮಗ ಅಂತ ಕೂಡ ಕೇಳ್ತಿರ್ಲಿಲ್ಲ."

"ಅದನ್ನು ನೋಡಬೇಕಾದವರು ನಮಗಿಂತ ಮೊದಲು ಇದ್ದರು," ಎಂದಳು ಸೌದಾಮಿನಿ. ಆಮೇಲೆ ತಾನೇ ಸೇರಿಸಿದಳು, "ನಾವೂ ಕೇಳಲಿಲ್ಲ. ಪ್ಲೇಟು ಇರುವ ಕಾಲು ಅಪರೂಪ, ಮಕ್ಕಳಿಗೆ ತೋರಿಸ್ಲಿಕ್ಕೆ ಆಗ್ತದೆ ಅಂತ ಆರಿಸಿದ್ದು ನಾನೇ."

ಬೀವಿ ಆ ಎಲುಬಿನ ಕಡೆ ಕೈ ಚಾಚಿದಳು, ಮುಟ್ಟದೆ ಹಿಂದೆ ತೆಗೆದುಕೊಂಡಳು. "ನಮಗೆ ಕೊಡಿ. ಮಣ್ಣು ಮಾಡ್ತೇವೆ," ಎಂದಳು.

ಕೊಡುವುದು ಸೌದಾಮಿನಿಯ ಕೈಯಲ್ಲಿ ಇರಲಿಲ್ಲ. ಅವಳು ಇಬ್ಬರನ್ನೂ ಪ್ರಾಂಶುಪಾಲ ಕೇಶವಪ್ರಸಾದನ ಕೋಣೆಗೆ ಕರೆದುಕೊಂಡು ಹೋದಳು. ಕೇಶವಪ್ರಸಾದ ಕೆಟ್ಟ ಮನುಷ್ಯನಲ್ಲ. ಎದ್ದು ನಿಂತು ಬೀವಿಗೆ ಕುರ್ಚಿ ತೋರಿಸಿದ, ಚಹಾ ತರಿಸಿದ. ಆದರೆ ಮಾತು ಎಲುಬಿಗೆ ಬಂದಾಗ ಅವನ ದನಿ ಗಟ್ಟಿಯಾಯಿತು.

"ನೋಡಿ ಅಮ್ಮಾ, ನಿಮ್ಮ ದುಃಖ ನನಗೆ ಅರ್ಥ ಆಗ್ತದೆ. ಆದರೆ ಇದು ಕಾನೂನು ಪ್ರಕಾರವೇ ಬಂದದ್ದು. ಇವತ್ತು ನಿಮಗೆ ಕೊಟ್ರೆ ನಾಳೆ ಇನ್ನೊಬ್ಬರು ಬರ್ತಾರೆ. ಮ್ಯೂಸಿಯಂ ಖಾಲಿ ಆಗ್ತದೆ. ಮಕ್ಕಳು ಎಂತದ್ರಲ್ಲಿ ಕಲೀಬೇಕು? ಪ್ಲಾಸ್ಟಿಕ್ಕಿನದ್ದು ಬರ್ತದೆ, ಎಲ್ಲ ಒಂದೇ ಅಚ್ಚು. ಮುರಿದ ಎಲುಬು ಹೀಗೆ ಕೂಡ್ತದೆ ಅಂತ ಅದ್ರಲ್ಲಿ ಕಾಣುವುದಿಲ್ಲ. ಈ ಎಲುಬು ನೋಡಿ ಕಲಿತ ಮಕ್ಕಳು ಇವತ್ತು ಎಷ್ಟು ಜನರ ಕಾಲು ಸರಿ ಮಾಡ್ತಿರಬಹುದು, ಯೋಚನೆ ಮಾಡಿ."

"ಕಲೀಬೇಕು ಸರ್," ಎಂದಳು ಬೀವಿ. "ನನ್ನ ಮಂಡಿ ತಿಕ್ಕುವ ಮಕ್ಕಳೂ ಅದ್ರಲ್ಲೇ ಕಲಿತಿರಬಹುದು. ಬೇಡ ಅಂತ ನಾನು ಹೇಳುವುದಿಲ್ಲ. ಆದ್ರೆ ಅವನು ನಿಮಗೆ ಕೊಟ್ಟದ್ದಲ್ಲವಲ್ಲ. ನಾನೂ ಕೊಟ್ಟದ್ದಲ್ಲ."

"ಇದ್ರಲ್ಲಿ ಅವಮಾನ ಎಂತದ್ದೂ ಇಲ್ಲ ಅಮ್ಮಾ. ನಮ್ಮ ಸೌದಾಮಿನಿ ಮೇಡಂ ತನ್ನ ದೇಹವನ್ನೇ ಕಾಲೇಜಿಗೆ ದಾನ ಬರೆದು ಕೊಟ್ಟಿದ್ದಾರೆ. ಕೇಳಿ ಬೇಕಾದ್ರೆ."

ಸೌದಾಮಿನಿ ಕಿಟಕಿಯ ಬಳಿ ನಿಂತಿದ್ದಳು. "ನಾನು ಬರೆದು ಕೊಟ್ಟದ್ದು ಸರ್," ಎಂದಳು. "ಇವರ ತಮ್ಮನನ್ನು ಯಾರೂ ಕೇಳಲಿಲ್ಲ."

ಕೇಶವಪ್ರಸಾದ ಅವಳನ್ನು ನೋಡಿದ. ಸ್ವಂತ ವಿಭಾಗದವಳೇ ಹೀಗೆ ಹೇಳಬಹುದೆಂದು ಅವನು ಎಣಿಸಿರಲಿಲ್ಲ. ಸ್ವಲ್ಪ ಹೊತ್ತು ಪೇಪರ್‌ವೇಟನ್ನು ತಿರುಗಿಸುತ್ತ ಕೂತ. ನಂತರ, ಸರಕಾರದ ಅನುಮತಿ ತಂದರೆ ತನ್ನ ಅಡ್ಡಿ ಇಲ್ಲ ಎಂದ.

ಅಲ್ಲಿಂದ ಶುರುವಾಯಿತು ಅಲೆದಾಟ. ಸಿದ್ದೀಕ್ ಅಂಗಡಿಯನ್ನು ಹುಡುಗರ ಕೈಗೆ ಬಿಟ್ಟು ವಿದ್ಯಾನಗರದ ಜಿಲ್ಲಾ ಕಚೇರಿಗಳಿಗೆ ಬಸ್ಸು ಹತ್ತಿದ. ಅರ್ಜಿ ಮಲಯಾಳದಲ್ಲಿ ಬೇಕೆಂದರು, ಬರೆಸಿಕೊಟ್ಟ. ಒಂದು ಸೆಕ್ಷನ್‌ನಿಂದ ಇನ್ನೊಂದಕ್ಕೆ ಕಳಿಸಿದರು, ಹೋದ. ಕೊನೆಗೆ ಒಬ್ಬ ಗುಮಾಸ್ತ ಪಾಪ ಅನ್ನಿಸಿ ಅವನನ್ನು ಪಕ್ಕಕ್ಕೆ ಕರೆದು ಹೇಳಿದ: "ಹೆಣವನ್ನು ಕಾಲೇಜಿಗೆ ಕೊಡ್ಲಿಕ್ಕೆ ನಿಯಮ ಉಂಟು ಮಾರಾಯ. ಎಲುಬನ್ನು ಮನೆಯವರಿಗೆ ವಾಪಸ್ ಕೊಡ್ಲಿಕ್ಕೆ ಯಾವ ನಿಯಮ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ಎಲ್ಲರೂ ಫೈಲು ದಾಟಿಸ್ತಾ ಇದ್ದಾರೆ."

ಆ ದಿನಗಳಲ್ಲಿ ಒಮ್ಮೆ ಸಿದ್ದೀಕ್ ಮೊಬೈಲಿನಲ್ಲಿ ಕಾಲೇಜಿನ ಹಳೆಯ ಫೋಟೋಗಳನ್ನು ತಡಕುತ್ತಿದ್ದ. ಯಾವುದೋ ವರ್ಷದ ಕಾಲೇಜ್ ಡೇ. ಅದೇ ಅಸ್ಥಿಪಂಜರಕ್ಕೆ ಕಪ್ಪು ಕನ್ನಡಕ ಹಾಕಿ, ಕುತ್ತಿಗೆಗೆ ಹಾರ ಹಾಕಿ, ಹುಡುಗರು ಎರಡೂ ಬದಿಯಲ್ಲಿ ನಿಂತು ನಗುತ್ತಿದ್ದರು. ಒಬ್ಬ ಹುಡುಗನ ಒಂದು ಕೈ ಆ ಎಡತೊಡೆಯ ಮೇಲಿತ್ತು. ಸಿದ್ದೀಕ್ ಅಫೀಫಾಗೆ ತೋರಿಸಿದ. ಅವಳು ಮೊಬೈಲನ್ನು ಅವನ ಕೈಯಿಂದ ತೆಗೆದು ಕವುಚಿ ಇಟ್ಟಳು. "ಮಾಮಿಗೆ ಗೊತ್ತಾಗುವುದು ಬೇಡ," ಎಂದಳು. ಗೊತ್ತಾಗಲೂ ಇಲ್ಲ.

ಆಮೇಲೆ ಪರೀಕ್ಷೆಯಾಗಬೇಕೆಂಬ ಆದೇಶ ಬಂತು. ಬೀವಿಯ ರಕ್ತ ತೆಗೆದರು. ಎಲುಬಿನಿಂದ ಒಂದು ಚೂರು ಕೊರೆದು ತೆಗೆಯಬೇಕೆಂದಾಗ ಅವಳು ಮೊದಲ ಸಲ ಎಲ್ಲರ ಎದುರು ಅತ್ತಳು. "ಇನ್ನೂ ಎಷ್ಟು ಕೊರೀತೀರಿ ಅವನನ್ನು?" ಎಂದಳು. ಸೌದಾಮಿನಿ ಅವಳ ಪಕ್ಕ ಕೂತು, ತಾನೇ ತೆಗೆಯುತ್ತೇನೆ, ಆದಷ್ಟು ಸಣ್ಣದು ತೆಗೆಯುತ್ತೇನೆ ಎಂದು ಮಾತು ಕೊಟ್ಟಳು. ಮಳೆಗಾಲ ಕಳೆಯಿತು. ಗದ್ದೆಗಳಲ್ಲಿ ನೀರು ಇಳಿಯುವ ಹೊತ್ತಿಗೆ ವರದಿ ಬಂತು. ಎಲುಬು ಬೀವಿಯ ಒಡಹುಟ್ಟಿದವನದ್ದು. ಎಡತೊಡೆಯ ಒಂದು ಎಲುಬನ್ನು ಮಾತ್ರ ಮನೆಯವರಿಗೆ ಕೊಡಬಹುದೆಂದು ಅನುಮತಿ ಆಯಿತು. ಮೊಣಕಾಲಿನ ಕೆಳಗಿನ ಎಲುಬು ಹೊಂದುವ ಹಾಗೆ ಕಂಡರೂ, ಅದನ್ನೂ ಪರೀಕ್ಷಿಸಿದಾಗ ಬೇರೊಬ್ಬನದ್ದೆಂದು ತಿಳಿದಿತ್ತು.

ಸೌದಾಮಿನಿ ಎಲುಬನ್ನು ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಸಿದ್ದೀಕ್ ಹಾಗೆಯೇ ಎರಡೂ ಕೈಯಲ್ಲಿ ತೆಗೆದುಕೊಂಡ. ಕಾರಿನಲ್ಲಿ ಇಡೀ ದಾರಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಇಷ್ಟು ಹಗುರವೇ ಎಂದು ಒಂದೇ ಒಂದು ಸಲ ಹೇಳಿದ.

ಮಸೀದಿಯ ಕಮಿಟಿಯಲ್ಲಿ ಹಿರಿಯರೊಬ್ಬರಿಗೆ ಶವದ ನಮಾಝಿನ ಬಗ್ಗೆ ಸಂಶಯ ಬಂದಿತ್ತು. "ಒಂದು ಎಲುಬಿಗೆ ಮಯ್ಯಿತ್ ನಮಾಝಾ ಉಸ್ತಾದೇ?"

ನಮಾಝ್ ಮಾಡಿಸುವ ಉಸ್ತಾದರು ವಯಸ್ಸಿನಲ್ಲಿ ಸಣ್ಣವರು, ಮಾತು ಮೆಲ್ಲಗೆ. "ಸತ್ತದ್ದು ಖಾತ್ರಿ ಆದ ಮೇಲೆ ಸಿಕ್ಕಿದ್ದು ಎಷ್ಟೇ ಆಗ್ಲಿ, ತೊಳೆದು, ಕಫನ್ ಬಟ್ಟೆ ಸುತ್ತಿ, ನಮಾಝ್ ಮಾಡಬೇಕು. ನಮಾಝ್ ಆ ಮನುಷ್ಯನಿಗೆ. ಎಲುಬಿಗಲ್ಲ," ಎಂದರು.

ಮನೆಯ ಹಿಂದೆ ಬಟ್ಟೆ ಕಟ್ಟಿ ಮರೆ ಮಾಡಿದರು. ಪ್ಲೇಟನ್ನು ತೆಗೆಯಬೇಕೇ ಎಂದು ಸಿದ್ದೀಕ್ ಕೇಳಿದಾಗ, ತೆಗೆದರೆ ಎಲುಬಿಗೆ ಪೆಟ್ಟು, ಬೇಡ ಎಂದರು ಉಸ್ತಾದರು. ತೊಳೆಯುವವನು ಸಿದ್ದೀಕ್. ನೀರು ಹೊಯ್ಯಲು ಬೀವಿ ಕೇಳಿಕೊಂಡಳು, ಉಸ್ತಾದರು ಒಪ್ಪಿದರು. ಎಲುಬು ಕಾಲೇಜಿನ ವಾರ್ನಿಷಿನಿಂದ ಹೊಳೆಯುತ್ತಿತ್ತು. ನೀರು ನಿಲ್ಲದೆ ಜಾರಿಹೋಗುತ್ತಿತ್ತು. ಬೀವಿ ಚೆಂಬನ್ನು ಕೆಳಗಿಟ್ಟು ಅಂಗೈಯನ್ನು ಆ ಬಾಗಿನ ಮೇಲೆ ಇಟ್ಟಳು. ಪ್ಲಾಸ್ಟರು ಬಿಚ್ಚಿದ ದಿನ ಇದೇ ಜಾಗವನ್ನು ಮುಟ್ಟಿ, ನೋಯ್ತದಾ ಎಂದು ಕೇಳಿದ್ದಳು. ಇಲ್ಲ ಉಮ್ಮಾ, ಕಚಗುಳಿ ಆಗ್ತದೆ ಎಂದಿದ್ದ. ಅವಳಿಗೆ ಅದು ನೆನಪಾಗಿ ಕೈ ತೆಗೆಯಲಾಗಲಿಲ್ಲ. ಮಗ ಕಾದ. ಉಸ್ತಾದರೂ ಕಾದರು.

ಅಷ್ಟರಲ್ಲಿ ಮಸೀದಿಯ ಹಿಂದೆ ಖಬರಿನ ಗುಂಡಿ ತೋಡುವವರು ಅಳತೆ ಕೇಳಲು ಆಳು ಕಳಿಸಿದರು. ಇಷ್ಟೇ ಇರುವಾಗ ಮಗುವಿನ ಖಬರಿನಷ್ಟು ಸಾಕಲ್ಲವೇ ಎಂದು ಅವರ ಲೆಕ್ಕ. ಗಟ್ಟಿ ಕೆಂಪುಕಲ್ಲಿನ ನೆಲ, ಗುದ್ದಲಿ ಇಳಿಯುವುದು ಕಷ್ಟ.

"ಪೂರ್ತಿ ತೋಡ್ಲಿಕ್ಕೆ ಹೇಳು," ಎಂದಳು ಬೀವಿ ಮರೆಯ ಒಳಗಿನಿಂದ. "ಅವನು ಉದ್ದ ಇದ್ದ."

ಸಿದ್ದೀಕ್ ಉಸ್ತಾದರ ಮುಖ ನೋಡಿದ. ಉಸ್ತಾದರು ತಲೆಯಾಡಿಸಿದರು. ಅಂದು ಆ ಕೆಂಪುಕಲ್ಲಿನಲ್ಲಿ ಗಂಡಸಿನ ಅಳತೆಯ ಖಬರು ತೋಡಿದರು. ಮಸೀದಿಯಲ್ಲಿ ನಮಾಝಿಗೆ ನಿಂತವರಲ್ಲಿ ಲತೀಫನ ಜೊತೆ ಸೆವೆನ್ಸ್ ಆಡಿದವರೂ ಇದ್ದರು. ಹೊಟ್ಟೆ ಬಂದವರು, ತಲೆ ನರೆತವರು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ದಫನಕ್ಕೆ ಹೆಂಗಸರು ಹೋಗುವ ರೂಢಿ ಆ ಊರಲ್ಲಿ ಇಲ್ಲ. ಬೀವಿ ಜಗಲಿಯ ಕಂಬಕ್ಕೆ ಒರಗಿ ನಿಂತು, ಗಂಡಸರ ಸಾಲು ಗದ್ದೆಯಂಚಿನ ಹುಣಿಯ ಮೇಲೆ ಹೋಗಿ ಮಸೀದಿಯ ಹಿಂದೆ ಮರೆಯಾಗುವುದನ್ನು ನೋಡಿದಳು. ನೆರೆಮನೆಯ ಹೆಂಗಸರು ಅವಳನ್ನು ಒಳಗೆ ಕರೆದರು. ಅವಳು ಹೋಗಲಿಲ್ಲ.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಸೌದಾಮಿನಿ ಮನೆಗೆ ಬಂದಳು. ಅಫೀಫಾ ಕುರ್ಚಿ ತಂದಿಟ್ಟಳು. ಬೀವಿ ಎದುರಿಗೆ ಹಲಗೆಯ ಮೇಲೆ ಕೂತಳು.

ಸೌದಾಮಿನಿ ಕಾಲೇಜಿನ ಸುದ್ದಿ ಹೇಳಿದಳು. ಅಸ್ಥಿಪಂಜರಕ್ಕೆ ಎಡಗಡೆ ಪ್ಲಾಸ್ಟಿಕ್ಕಿನ ಎಲುಬು ಸಿಕ್ಕಿಸಿದ್ದಾರೆ. ಬಣ್ಣ ಸರಿ ಹೊಂದಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಸಿಕ್ಕವರಿಗೆಲ್ಲ ಅವಳು ಫೋನು ಮಾಡಿ, ಮನೆಯಲ್ಲಿ ಎಲುಬು ಇದ್ದರೆ ಹಿಂದೆ ಕಳಿಸಿ ಎಂದು ಕೇಳಿದ್ದಳು. ಕೆಲವರು ಬೈದರು, ಕೆಲವರು ನಕ್ಕರು. ಒಂದಷ್ಟು ಜನ ಕೊರಿಯರಿನಲ್ಲಿ ಕಳಿಸಿದರು. ಒಬ್ಬಳು ತಾನೇ ಚೀಲ ಹಿಡಿದು ಬಂದು, ಇಟ್ಟು, ಅತ್ತು ಹೋದಳು. ಎಲ್ಲವನ್ನೂ ಪರೀಕ್ಷೆ ಮಾಡಿಸಲು ಕಾಲೇಜು ತಯಾರಿಲ್ಲ. ಮಣ್ಣು ಮಾಡೋಣ ಎಂದರೆ ಯಾರ ಪದ್ಧತಿಯಲ್ಲಿ ಎಂದು ಕೇಳುತ್ತಾರೆ. ಹಾಗಾಗಿ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದಾರೆ.

"ಅದ್ರಲ್ಲಿ ಲತೀಫ ಇರಬಹುದಾ?" ಎಂದು ಕೇಳಿದಳು ಬೀವಿ.

"ಇರಬಹುದು. ಇಲ್ಲದಿರಲೂಬಹುದು. ಪರೀಕ್ಷೆ ಮಾಡಿಸಿ ಅಂತ ನಾನು ಕೇಳ್ತಾ ಇರ್ತೇನೆ. ಆಗ್ತದೆ ಅಂತ ಮಾತು ಕೊಡ್ಲಿಕ್ಕೆ ಆಗುವುದಿಲ್ಲ."

"ಆ ಮುಖದವನು?"

"ಅಲ್ಲೇ ಇದ್ದಾನೆ. ಕೊಕ್ಕೆಯಲ್ಲಿ," ಎಂದಳು ಸೌದಾಮಿನಿ. ಇಷ್ಟು ವರ್ಷ ಅದನ್ನು 'ಇದೆ' ಎಂದೇ ಹೇಳುತ್ತಿದ್ದವಳು ಅವಳು.

"ಅವನಿಗೂ ಒಬ್ಬಳು ಅಕ್ಕ ಇರಬಹುದು," ಎಂದಳು ಬೀವಿ.

ಒಳಗೆ ಅಫೀಫಾ ಪಾತ್ರೆ ಇಡುವ ಸದ್ದು ಕೇಳಿತು. ನಂತರ ಬೀವಿಯೇ ಹೇಳಿದಳು, ಯಾರಿಗೋ ಹೇಳುವಂತೆ.

"ಇಷ್ಟು ವರ್ಷ ನಮಾಝ್ ಮುಗಿಸಿ ಕೈ ಎತ್ತಿದ್ರೆ ನನಗೆ ಬಾಯಿ ಕಟ್ಟುತ್ತಿತ್ತು ಡಾಕ್ಟ್ರೇ. ಎಲ್ಲಿದ್ರೂ ಅವನನ್ನು ಕಾಪಾಡು ಅಂತ ಕೇಳುವುದಾ, ಅವನ ಪಾಪ ಮನ್ನಿಸು ಅಂತ ಕೇಳುವುದಾ? ಬದುಕಿದವನಿಗೆ ಸತ್ತವನ ದುವಾ ಮಾಡಿದ್ರೆ ಅದು ಶಾಪ ಆಗ್ಲಿಕ್ಕಿಲ್ವಾ ಅಂತ ಹೆದರಿಕೆ. ಎರಡೂ ಬಿಟ್ಟು ಎದ್ದುಬಿಡುತ್ತಿದ್ದೆ. ಈಗ ಒಂದೇ ಕೇಳ್ತೇನೆ. ಅಷ್ಟು ಆಯ್ತು."

ಸೌದಾಮಿನಿ ತಲೆ ತಗ್ಗಿಸಿ ಕೂತಿದ್ದಳು. "ನನ್ನನ್ನು ಕ್ಷಮಿಸಿ ಅಂತ ಕೇಳ್ಲಿಕ್ಕೆ ಬಂದೆ," ಎಂದಳು. "ಯಾರೂ ಬಾರದವರು ಅಂತ ನಾವು ತಿಳ್ಕೊಂಡಿದ್ದೆವು."

"ನಾವು ಹುಡುಕ್ತಾ ಇದ್ದೆವು," ಎಂದಳು ಬೀವಿ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವಿತ್ತು. "ನೀವು ಕೆಟ್ಟದ್ದು ಮಾಡಬೇಕು ಅಂತ ಮಾಡಿದ್ದಲ್ಲ. ನನಗೆ ಗೊತ್ತುಂಟು. ನೀವು ಇಲ್ಲದಿದ್ರೆ ಆ ಒಂದು ಎಲುಬೂ ಸಿಗ್ತಿರ್ಲಿಲ್ಲ. ಆದ್ರೆ ಕ್ಷಮಿಸಿದೆ ಅಂತ ಹೇಳ್ಲಿಕ್ಕೆ ಹೋದ್ರೆ ಅವನ ಕೈ ನೆನಪಾಗ್ತದೆ. ಇನ್ನೂ ಬಾಯಿಗೆ ಬರುವುದಿಲ್ಲ."

ಸೌದಾಮಿನಿ ತಲೆಯಾಡಿಸಿದಳು.

ಅಫೀಫಾ ಎರಡು ಗ್ಲಾಸು ಚಹಾ ತಂದಳು. ಬೀವಿ ಒಂದನ್ನು ತಾನೇ ಎತ್ತಿ ಡಾಕ್ಟರಿಣಿಯ ಕೈಗೆ ಕೊಟ್ಟಳು. "ಕುಡೀರಿ. ದೂರದಿಂದ ಬಂದಿದ್ದೀರಿ," ಎಂದಳು. ಇಬ್ಬರೂ ಚಹಾ ಕುಡಿದರು.